ಎರಡು ಮಿಲಿಮೀಟರ್ ನೀರು

ಇಪ್ಪತ್ತು ವರ್ಷದ ಹವಾಮಾನದ ಅಂಕಿಗಳನ್ನೆಲ್ಲ ವಾರವಾರದ ಸರಾಸರಿ ಮಾಡಿಕೊಡಿ ಎಂದು ನಿರಂಜನ್ ಕೇಳಿದಾಗ ಶಾಂತಲಾ ಹನ್ನೊಂದು ದಿನ ಕತ್ತೆತ್ತದೆ ಕೂತು ಮಾಡಿಕೊಟ್ಟಳು. ಹನ್ನೆರಡನೆಯ ದಿನ ಬೆಳಿಗ್ಗೆ ಆತ ನಗುನಗುತ್ತ ಅವಳ ಮೇಜಿನ ಹತ್ತಿರ ಬಂದ.

"ಸೂಪರಾಗಿದೆ ಮೇಡಂ. ಒಂದೇ ಒಂದು ಸಣ್ಣ ಚೇಂಜು. ನೀವು ವಾರಾನ ಸೋಮವಾರದಿಂದ ಹಿಡ್ದಿದೀರ. ಅದನ್ನ ಜನವರಿ ಒಂದನೇ ತಾರೀಖಿಂದ ಏಳೇಳು ದಿನ ಅಂತ ಹಿಡೀಬೇಕಿತ್ತು."

"ಎಲ್ಲಾ ವರ್ಷಕ್ಕೂನಾ ಸರ್?"

"ಎಲ್ಲಾ ವರ್ಷಕ್ಕೂ."

ಶಾಂತಲಾ "ಆಯ್ತು ಸರ್" ಎಂದಳು. ಆತ ಹೋದ ಮೇಲೆ ತುಂಬ ಹೊತ್ತು ಸುಮ್ಮನೆ ಫ್ಯಾನಿನ ರೆಕ್ಕೆಗಳನ್ನು ನೋಡುತ್ತ ಕೂತಳು.

ಅವಳಿಗೆ ನಲವತ್ತಾರು. ಯಲಹಂಕ ದಾಟಿ ದೊಡ್ಡಬಳ್ಳಾಪುರದ ರಸ್ತೆಯಲ್ಲಿರುವ ಆ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಹವಾಮಾನ ವೀಕ್ಷಕಿಯಾಗಿ ಸೇರಿ ಇಪ್ಪತ್ತು ವರ್ಷದ ಮೇಲಾಗಿತ್ತು. ಬೆಳಿಗ್ಗೆ ಏಳು ಗಂಟೆಗೆ ಒಮ್ಮೆ, ಮಧ್ಯಾಹ್ನ ಎರಡಕ್ಕೆ ಒಮ್ಮೆ, ಬೇಲಿ ಹಾಕಿದ ಹುಲ್ಲಿನ ಅಂಗಳಕ್ಕೆ ಹೋಗಿ ಬಿಸಿ, ತೇವ, ಗಾಳಿ, ಮಳೆ ಎಲ್ಲವನ್ನೂ ಅಳೆದು ರಿಜಿಸ್ಟರಿನಲ್ಲಿ ಬರೆಯುವುದು ಅವಳ ಕೆಲಸ. ಕೊಡಿಗೇಹಳ್ಳಿಯ ಮನೆಯಿಂದ ಆರು ಗಂಟೆಗೆಲ್ಲ ಸ್ಕೂಟರ್ ಹತ್ತಿ ಹೊರಟುಬಿಡುತ್ತಿದ್ದಳು. ಹಬ್ಬಕ್ಕೆ ರಜೆ ಇದ್ದರೂ ಮಳೆಗೆ ರಜೆ ಇಲ್ಲವಲ್ಲ. ನಿರಂಜನ್ ಮೂರು ವರ್ಷದ ಹಿಂದೆ ಬಂದ ವಿಜ್ಞಾನಿ. ಮೂವತ್ತನಾಲ್ಕರ ವಯಸ್ಸು, ಒಳ್ಳೆಯವನು, ಆದರೆ ಯಾವಾಗಲೂ ಯಾವುದೋ ಬಸ್ಸು ತಪ್ಪಿಹೋಗುತ್ತಿದೆ ಎನ್ನುವ ಹಾಗೆ ಓಡಾಡುತ್ತಿದ್ದ.

ಊಟದ ಹೊತ್ತಿಗೆ ಅವಳ ಮುಖ ನೋಡಿದವಳು ಕುಬ್ರಾ. ಪಕ್ಕದ ಮಣ್ಣು ಪರೀಕ್ಷೆಯ ಲ್ಯಾಬಿನ ತಂತ್ರಜ್ಞೆ, ಆರ್.ಟಿ. ನಗರದಿಂದ ಬರುವವಳು, ಹದಿನೈದು ವರ್ಷದಿಂದ ಇಬ್ಬರದೂ ಒಂದೇ ಊಟದ ಮೇಜು.

"ಅರೇ, ಮತ್ತೆ ಹನ್ನೊಂದು ದಿನಾನಾ? ನೀನ್ಯಾಕೆ ಕೈಯಲ್ಲಿ ಮಾಡ್ತೀಯ?" ಎಂದಳು ಕುಬ್ರಾ. "ಹೋದ ವರ್ಷ ಪ್ರಾಜೆಕ್ಟ್‌ಗೆ ಬಂದಿದ್ಲಲ್ಲ ಆ ಹುಡುಗಿ, ಪ್ರೋಗ್ರಾಮ್ ಬರ್ದು ಅರ್ಧ ಗಂಟೇಲಿ ಮುಗಿಸ್ತಿದ್ಲು."

"ಅವಳು ಇಂಜಿನಿಯರಿಂಗ್ ಓದಿದ್ಲು ಕಣೆ."

"ನೀನು ಬಿ.ಎಸ್ಸಿ. ಮ್ಯಾಥ್ಸ್ ಓದಿಲ್ವಾ? ಅವಳು ನೋಡ್ಕೊಂಡು ಕಲಿತಿದ್ದ ಪುಸ್ತಕ ಲೈಬ್ರರೀಲೇ ಇದೆ. ನಾನೇ ನೋಡಿದೀನಿ, ಇಟ್ಟಿಗೆ ಥರ ಇದೆ."

ಪುಸ್ತಕ ನಿಜಕ್ಕೂ ಇಟ್ಟಿಗೆಯಷ್ಟು ದಪ್ಪವಿತ್ತು. ವಿಜ್ಞಾನದ ಕೆಲಸ ಮಾಡುವವರಿಗೆಂದೇ ಬರೆದ ಪ್ರೋಗ್ರಾಮಿಂಗ್ ಪಠ್ಯ, ಇಂಗ್ಲಿಷಿನದು, ಆರುನೂರು ಪುಟ. ಯಾರೋ ಹಿಂದಿನ ಓದುಗರು ನಲವತ್ತಮೂರನೆಯ ಪುಟದವರೆಗೆ ಪೆನ್ಸಿಲಿನಲ್ಲಿ ಅಡಿಗೆರೆ ಎಳೆದು, ಅಲ್ಲಿ ಅಂಚಿನಲ್ಲಿ 'ನಾಳೆ' ಎಂದು ಬರೆದಿದ್ದರು. ಅದರಿಂದ ಮುಂದೆ ಪುಟಗಳು ಅಂಗಡಿಯಿಂದ ತಂದಷ್ಟೇ ಹೊಸದಾಗಿದ್ದವು. ಶಾಂತಲಾಗೆ ನಗು ಬಂತು. ಜೊತೆಗೆ ಒಂದು ಸಣ್ಣ ಹಟವೂ ಬಂತು. ನಲವತ್ತನಾಲ್ಕನೆಯ ಪುಟವನ್ನಾದರೂ ಮುಟ್ಟಲೇಬೇಕು ಎಂದುಕೊಂಡು ಪುಸ್ತಕವನ್ನು ತನ್ನ ಹೆಸರಿಗೆ ಬರೆಸಿಕೊಂಡಳು.

ಬೆಳಗಿನ ಅಳತೆ ಮುಗಿಯುವುದು ಏಳೂವರೆಗೆ. ಆಫೀಸು ತೆರೆಯುವುದು ಒಂಬತ್ತೂವರೆಗೆ. ನಡುವಿನ ಎರಡು ಗಂಟೆ ಇಷ್ಟು ವರ್ಷ ಪೇಪರ್ ಓದುವುದರಲ್ಲಿ, ಸೊಪ್ಪು ಬಿಡಿಸುವುದರಲ್ಲಿ ಕಳೆಯುತ್ತಿತ್ತು. ಈಗ ಅದು ಪುಸ್ತಕದ ಪಾಲಾಯಿತು. ಮೊದಲ ಪುಟದಲ್ಲೇ ಬರೆದಿತ್ತು, ಇದು ಓದುವ ಪುಸ್ತಕವಲ್ಲ, ಟೈಪ್ ಮಾಡುವ ಪುಸ್ತಕ ಎಂದು. ಅವಳು ಟೈಪ್ ಮಾಡಿದಳು. ದಿನಕ್ಕೆ ಐದು ಪುಟ. ಅರ್ಥವಾದದ್ದನ್ನು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ತನ್ನದೇ ಕನ್ನಡದಲ್ಲಿ ಬರೆದಿಟ್ಟಳು. 'ಎಣಿಕೆ ಸೊನ್ನೆಯಿಂದ ಶುರು. ಯಾಕೆ ಅಂತ ಕೇಳಬೇಡ.' 'ಸಾಲಿನ ಕೊನೆಗೆ ಎರಡು ಚುಕ್ಕಿ ಮರೆತರೆ ಮುಂದಿನದೆಲ್ಲ ಕೆಡುತ್ತೆ.' ಈ ಎರಡನೆಯದನ್ನು ಬರೆಯುವ ಮೊದಲು ಆ ಎರಡು ಚುಕ್ಕಿಗಾಗಿ ನಲವತ್ತು ನಿಮಿಷ ಹುಡುಕಿದ್ದಳು.

ಮನೆಯಲ್ಲಿ ಅತ್ತೆ ರಾಮಲಕ್ಷ್ಮಮ್ಮ ಭಾನುವಾರ ತಾರಸಿಯ ಮೇಲೆ ಸೊಸೆಯ ತೊಡೆಯ ಮೇಲಿದ್ದ ಪುಸ್ತಕ ನೋಡಿದರು. ಅವರಿಗೆ ಎಪ್ಪತ್ತನಾಲ್ಕು. ಈಗ ಮೂರು ಅಪಾರ್ಟ್‌ಮೆಂಟ್ ಎದ್ದಿರುವ ಜಾಗದಲ್ಲಿ ರಾಗಿ ಕುಯ್ದವರು.

"ಅದೇನೇ ಶಾಂತಾ, ಪರೀಕ್ಷೆಗೆ ಕಟ್ಟಿದ್ದೀಯಾ?"

"ಇಲ್ಲ ಅತ್ತೆ. ಕಂಪ್ಯೂಟರ್‌ಗೆ ಕೆಲಸ ಹೇಳೋ ಭಾಷೆ. ಪೈಥಾನ್ ಅಂತ."

"ಅಂಗಂದ್ರೆ?"

"ಹೆಬ್ಬಾವು."

ರಾಮಲಕ್ಷ್ಮಮ್ಮ ಒಂದು ಕ್ಷಣ ಯೋಚಿಸಿದರು. "ಎಬ್ಬಾವ್ಗೆ ಕೆಲ್ಸ ಏಳ್ಕೊಟ್ರೆ ಅದು ಯಾವಾಗ ಮಾಡ್ತೈತೆ? ನುಂಗ್ಬುಟ್ಟು ಮಲೀಕತ್ತದೆ" ಎಂದು ಮೆಣಸಿನಕಾಯಿ ಹರವಲು ಹೋದರು.

ಅತ್ತೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಶಾಂತಲಾ ಮೊದಲ ಸಲ ತನ್ನ ಇಪ್ಪತ್ತು ವರ್ಷದ ಫೈಲನ್ನು ಪ್ರೋಗ್ರಾಮಿಗೆ ಕೊಟ್ಟಾಗ ಅದು ಮಳೆಯ ಕಾಲಮ್ಮಿನಲ್ಲೇ ನಿಂತುಬಿಟ್ಟಿತು. ತೆರೆಯ ಮೇಲೆಲ್ಲ ಕೆಂಪು ಅಕ್ಷರ. ನೋಡಿದರೆ, ಅಳೆಯಲು ಸಾಲದಷ್ಟು ತುಂತುರು ಬಿದ್ದ ದಿನ ಸಂಖ್ಯೆಯ ಬದಲು 'ಟಿ' ಎಂಬ ಇಂಗ್ಲಿಷ್ ಅಕ್ಷರ ಬರೆಯುವುದು ವೀಕ್ಷಕರ ವಾಡಿಕೆ. ಅಕ್ಷರವನ್ನು ಹೇಗೆ ಕೂಡುವುದೆಂದು ಪ್ರೋಗ್ರಾಮಿಗೆ ತಿಳಿಯದು. ಪುಸ್ತಕ ಇದಕ್ಕೂ ಒಂದು ಮಾತು ಹೇಳಿತ್ತು: ಇಂಥ ಕಡೆ ಏನು ಮಾಡಬೇಕೆಂದು ನೀವೇ ತೀರ್ಮಾನಿಸಿ, ಆದರೆ ಏನು ತೀರ್ಮಾನಿಸಿದಿರಿ ಎಂಬುದನ್ನು ಬರೆದಿಡಿ. ಅವಳು ತುಂತುರನ್ನು ಸೊನ್ನೆ ಎಂದು ಎಣಿಸಿ, ಹಾಗೆಂದು ಮೇಲಿನ ಸಾಲಿನಲ್ಲಿ ಬರೆದಳು.

ಮರುದಿನ ಇನ್ನೊಂದು. ೨೦೦೯ರ ಜನವರಿಯಲ್ಲಿ ಯಲಹಂಕದ ಕನಿಷ್ಠ ತಾಪಮಾನದ ಸರಾಸರಿ ಮೈನಸ್ ಹದಿನೆಂಟು ಡಿಗ್ರಿ ಎಂದು ಪ್ರೋಗ್ರಾಮ್ ಗಂಭೀರವಾಗಿ ತಿಳಿಸಿತು. ಶಾಂತಲಾ ಕುಬ್ರಾಳನ್ನು ಕೂಗಿ ಕರೆದು ತೋರಿಸಿದಳು. ಆ ತಿಂಗಳು ಒಂಬತ್ತು ದಿನ ಥರ್ಮಾಮೀಟರ್ ಒಡೆದಿತ್ತು. ಅಂಕಿ ಇಲ್ಲದ ದಿನಕ್ಕೆ ಮೈನಸ್ ತೊಂಬತ್ತೊಂಬತ್ತು ಎಂದು ಟೈಪ್ ಮಾಡಿದವಳು ಅವಳೇ. ಪ್ರೋಗ್ರಾಮ್ ಅದನ್ನು ನಿಜವಾದ ಚಳಿ ಎಂದು ನಂಬಿತ್ತು.

"ಸ್ವೆಟರ್ ಹಾಕ್ಕೊಂಡಿದ್ಯಾ ಆವಾಗ?" ಎಂದು ಕುಬ್ರಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಮೂರನೆಯ ವಾರದ ಕೊನೆಗೆ ವಾರದ ಸರಾಸರಿಯ ಪ್ರೋಗ್ರಾಮ್ ಓಡಿತು. ಹದಿನೇಳು ಸಾಲು. ಎಂಟರ್ ಒತ್ತಿದಳು, ಕಣ್ಣು ಮಿಟುಕಿಸುವಷ್ಟರಲ್ಲಿ ಇಪ್ಪತ್ತು ವರ್ಷದ ವಾರಗಳೆಲ್ಲ ಸಾಲಾಗಿ ನಿಂತವು. ಅವಳು ನಂಬಲಿಲ್ಲ. ಮೊದಲು ಕೈಯಲ್ಲಿ ಮಾಡಿದ್ದಂತೆಯೇ ಸೋಮವಾರದಿಂದ ವಾರ ಹಿಡಿದು ಇನ್ನೊಮ್ಮೆ ಓಡಿಸಿ, ತನ್ನ ಹನ್ನೊಂದು ದಿನದ ಕೆಲಸದ ಜೊತೆ ಹೋಲಿಸಿದಳು. ಮೂರು ಕಡೆ ವ್ಯತ್ಯಾಸವಿತ್ತು. ರಿಜಿಸ್ಟರು ತೆಗೆದು ನೋಡಿದರೆ ಮೂರು ಕಡೆಯೂ ತಪ್ಪು ಅವಳದೇ. ಬೇಜಾರಾಗಬೇಕಿತ್ತು. ಅದರ ಬದಲು ಎದ್ದು ಹೋಗಿ ಕ್ಯಾಂಟೀನಿನಲ್ಲಿ ಒಂದು ಮಸಾಲೆ ದೋಸೆ ತಿಂದು ಬಂದಳು.

ನಿರಂಜನ್ ಫಲಿತಾಂಶ ನೋಡಿ, "ಎರಡು ಥರದ ವಾರಾನೂ ಇದೆಯಲ್ಲ, ಹೆಂಗೆ ಮಾಡಿದ್ರಿ?" ಎಂದು ಕೇಳಿದ. ಅವಳು ಪುಸ್ತಕ ತೋರಿಸಿದಾಗ ಅದನ್ನೂ ಅವಳನ್ನೂ ಎರಡೆರಡು ಸಲ ನೋಡಿದ.

ಫೆಬ್ರವರಿಯ ಹೊತ್ತಿಗೆ ಆರನೆಯ ಅಧ್ಯಾಯ ಬಂತು. ಅಂಕಿಗಳನ್ನು ಗೆರೆಯಾಗಿ ಎಳೆಯುವುದು. ಅಭ್ಯಾಸಕ್ಕೆಂದು ಅವಳು ಆರಿಸಿಕೊಂಡದ್ದು ಆವಿಯ ಅಂಕಿಗಳನ್ನು. ಅಂಗಳದ ಮೂಲೆಯಲ್ಲಿ ಮರದ ಚೌಕಟ್ಟಿನ ಮೇಲೆ ನಾಲ್ಕಡಿ ಅಗಲದ ಒಂದು ತಗ್ಗಿನ ಲೋಹದ ತೊಟ್ಟಿ ಇದೆ. ಎಲ್ಲರೂ ಅದನ್ನು ಪ್ಯಾನ್ ಎನ್ನುತ್ತಾರೆ. ಅದರ ನೀರು ದಿನಕ್ಕೆ ಎಷ್ಟು ಮಿಲಿಮೀಟರ್ ಇಳಿಯಿತು ಎಂದು ಅಳೆದರೆ ಬಿಸಿಲು, ಗಾಳಿ ಸೇರಿ ಎಷ್ಟು ನೀರು ಕುಡಿದವು ಎಂದು ಗೊತ್ತಾಗುತ್ತದೆ. ಅದನ್ನು ನೋಡಿಕೊಂಡೇ ಸಂಸ್ಥೆ ಪ್ರತಿ ಶನಿವಾರ ಸುತ್ತಲಿನ ತೋಟದವರಿಗೆ, ಈ ವಾರ ಬೆಳೆಗೆ ಇಷ್ಟು ನೀರು ಬಿಡಿ ಎಂದು ಮೊಬೈಲಿಗೆ ಸೂಚನೆ ಕಳಿಸುತ್ತಿತ್ತು.

ಪ್ರತಿ ವರ್ಷದ ಏಪ್ರಿಲ್ ತಿಂಗಳಿನ ಸರಾಸರಿಯನ್ನು ಅವಳು ಗೆರೆಯಾಗಿ ಎಳೆದಳು. ೨೦೧೫ರವರೆಗೆ ಗೆರೆ ಸ್ವಲ್ಪ ಮೇಲೆ ಕೆಳಗೆ ಆಡುತ್ತ ನೆಟ್ಟಗೆ ಬಂದಿತ್ತು. ೨೦೧೬ರಲ್ಲಿ ಒಂದು ಮೆಟ್ಟಿಲು ಹತ್ತಿದ ಹಾಗೆ ಮೇಲೇರಿ, ಮತ್ತೆ ಇಳಿದೇ ಇರಲಿಲ್ಲ.

ನಿರಂಜನ್ ಅದನ್ನು ನೋಡಿ ಕುರ್ಚಿಯಿಂದ ಎದ್ದುನಿಂತ. "ಮೇಡಂ! ಇದು ಏನು ಗೊತ್ತಾ? ಸಿಟಿ ಬಿಸಿ. ಹೆಬ್ಬಾಳದಿಂದ ಇಲ್ಲಿ ತನಕ ಬಿಲ್ಡಿಂಗ್ ಎದ್ದಿರೋದು ಈ ಹತ್ತು ವರ್ಷದಲ್ಲಿ ತಾನೆ? ಮೂವತ್ತು ಪರ್ಸೆಂಟ್ ಜಾಸ್ತಿ! ಇಂಥ ಡೇಟಾ ಯಾರ ಹತ್ರಾನೂ ಇಲ್ಲ."

ಎರಡು ದಿನದಲ್ಲಿ ಆ ಗೆರೆ ದೊಡ್ಡದಾಗಿ ಪ್ರಿಂಟ್ ಆಗಿ ಅವನ ಕೋಣೆಯ ಗೋಡೆ ಹತ್ತಿತು. ಏಪ್ರಿಲ್ ಮೊದಲ ವಾರದೊಳಗೆ ಲೇಖನ ಬರೆದು ಹೈದರಾಬಾದಿನ ಒಂದು ಸಮ್ಮೇಳನಕ್ಕೆ ಕಳಿಸುವುದು ಎಂದಾಯಿತು. ಶಾಂತಲಾ ಆ ಕೋಣೆಯ ಮುಂದೆ ಹಾದುಹೋಗುವಾಗಲೆಲ್ಲ ಒಂದು ಸಲ ಒಳಗೆ ಇಣುಕುತ್ತಿದ್ದಳು. ಅವಳು ಎಳೆದ ಗೆರೆ ಗೋಡೆಯ ಮೇಲಿದ್ದದ್ದು ಅದೇ ಮೊದಲು.

ಏಳನೆಯ ಅಧ್ಯಾಯಕ್ಕೆ ಹೋಗದೇ ಇದ್ದಿದ್ದರೆ ಎಲ್ಲ ಅಲ್ಲಿಗೇ ನಿಲ್ಲುತ್ತಿತ್ತು. ಆ ಅಧ್ಯಾಯ ಕೇಳಿದ್ದು ಇಷ್ಟೇ: ನಿಮ್ಮ ಗೆರೆ ಏರಿದೆಯಾದರೆ ಅದನ್ನು ಏರಿಸಿದ್ದು ಏನು, ಅದನ್ನೂ ಪಕ್ಕದಲ್ಲಿ ಎಳೆದು ನೋಡಿ. ಅವಳು ಬಿಸಿಲಿನ ತಾಸುಗಳನ್ನು ಎಳೆದಳು, ಹಾಗೇ ಇದ್ದವು. ತಾಪಮಾನ ಎಳೆದಳು, ಅರ್ಧ ಡಿಗ್ರಿ ಏರಿತ್ತು, ಅದೂ ನಿಧಾನಕ್ಕೆ. ಗಾಳಿ ಎಳೆದಳು, ಸುತ್ತ ಕಟ್ಟಡ ಎದ್ದ ಮೇಲೆ ಗಾಳಿ ಕಡಿಮೆಯೇ ಆಗಿತ್ತು. ಹಾಗಾದರೆ ನೀರು ಕುಡಿದವರು ಯಾರು?

೨೦೧೬ನೇ ವರ್ಷವನ್ನೊಂದೇ ತೆಗೆದುಕೊಂಡು ದಿನದಿನದ ಗೆರೆ ಎಳೆದಳು. ಏರಿಕೆ ಒಂದು ತಿಂಗಳಲ್ಲಿ ಆದದ್ದಲ್ಲ, ಒಂದು ವಾರದಲ್ಲೂ ಆದದ್ದಲ್ಲ. ಏಪ್ರಿಲ್ ಐದರವರೆಗೆ ಒಂದು ಲೆಕ್ಕ, ಆರರಿಂದ ಇನ್ನೊಂದು. ಶಾಂತಲಾ ಬೀರು ತೆಗೆದು ಆ ವರ್ಷದ ರಿಜಿಸ್ಟರನ್ನು ಹೊರಗೆಳೆದಳು. ಏಪ್ರಿಲ್ ಆರರ ಸಾಲಿನಲ್ಲಿ ಅವಳದೇ ದುಂಡನೆಯ ಅಕ್ಷರ. ಷರಾ ಕಾಲಮ್ ಖಾಲಿ.

ಆ ಖಾಲಿ ಕಾಲಮ್ಮನ್ನು ನೋಡುತ್ತಿದ್ದಂತೆ ಅವಳಿಗೆ ನೆನಪಾಯಿತು.

ಆ ಬೇಸಿಗೆಯ ಬಿಸಿಲು ಬೆಂಗಳೂರಿನವರು ಮರೆಯುವಂಥದ್ದಲ್ಲ. ಪ್ಯಾನಿನ ಮೇಲೆ ಆಗ ಕೋಳಿ ಗೂಡಿಗೆ ಹಾಕುವಂಥ ತಂತಿಬಲೆ ಮುಚ್ಚಿರುತ್ತಿತ್ತು. ಹಕ್ಕಿ, ನಾಯಿ ನೀರು ಕುಡಿಯಬಾರದೆಂದು. ಒಂದು ಬೆಳಿಗ್ಗೆ ಹೋದಾಗ ಒಂದು ಗೊರವಂಕ ಆ ಬಲೆಯಲ್ಲಿ ಕಾಲು ಸಿಕ್ಕಿಸಿಕೊಂಡು ರೆಕ್ಕೆ ಬಿಟ್ಟು ಬಿದ್ದಿತ್ತು. ಕೊಕ್ಕಿಗೂ ನೀರಿಗೂ ಒಂದು ಬೆರಳಿನ ಅಂತರ. ಅವಳು ಕತ್ತರಿ ತಂದು ತಂತಿ ಕತ್ತರಿಸಿ ಬಿಡಿಸಿದಳು. ಆಮೇಲೆ ಬಲೆಯನ್ನೇ ತೆಗೆದು ಬೇಲಿಗೆ ಒರಗಿಸಿಟ್ಟಳು. ಒಂದು ಮಳೆ ಬರುವವರೆಗೆ ಎಂದುಕೊಂಡಿದ್ದಳು. ಮಳೆ ಬಂತು, ಹೋಯಿತು. ಬಲೆಯನ್ನು ಯಾರೋ ಟೊಮೇಟೊ ಸಸಿಗೆ ತೆಗೆದುಕೊಂಡು ಹೋದರು. ದಿನಾ ಬೆಳಿಗ್ಗೆ ಹಕ್ಕಿಗಳು ಪ್ಯಾನಿನ ಅಂಚಿನಲ್ಲಿ ಸಾಲಾಗಿ ಕೂತು ನೀರು ಕುಡಿದು, ಒಳಗಿಳಿದು ಮೈ ಒದರುವುದು ಅವಳಿಗೂ ಇಷ್ಟವಾಗಿತ್ತು. ಮರೆತೆ ಎಂದು ಹೇಳಿದರೆ ಪೂರ್ತಿ ನಿಜವಾಗುತ್ತಿರಲಿಲ್ಲ.

ಮಧ್ಯಾಹ್ನ ಊಟದ ಡಬ್ಬಿ ತೆರೆಯದೇ ಕುಬ್ರಾಗೆ ಎಲ್ಲ ಹೇಳಿದಳು.

"ನಿರಂಜನ್‌ಗೆ ಹೇಳಿದ್ಯಾ?"

"ಇಲ್ಲ. ಹಕ್ಕೀನೇ ಕಾರಣ ಅಂತ ನನಗೇ ಗ್ಯಾರಂಟಿ ಇಲ್ವಲ್ಲ. ಅವು ಎಷ್ಟು ಕುಡೀತಾವೆ?"

"ಗ್ಯಾರಂಟಿ ಮಾಡ್ಕೋ ಮೊದಲು. ಆಮೇಲೆ ಒಂದು ದಿನಾನೂ ತಡ ಮಾಡ್ಬೇಡ." ಕುಬ್ರಾ ಅವಳ ಡಬ್ಬಿಯನ್ನು ತಾನೇ ತೆರೆದು ಮುಂದಿಟ್ಟಳು. "ಈಗ ತಿನ್ನು."

ಶಾಂತಲಾಳ ಗಂಡ ಸಿದ್ದುವಿಗೆ ಕೊಡಿಗೇಹಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿ. ಅಲ್ಲಿಂದಲೇ ನಿಯಮದ ಪ್ರಕಾರದ ಅಳತೆಯ ತಂತಿಬಲೆ ಕತ್ತರಿಸಿಕೊಂಡಳು. ಯಾಕೆ ಎಂದು ಸಿದ್ದು ಕೇಳಿದಾಗ ಹೇಳಲೇಬೇಕಾಯಿತು. ಮೂಲೆಯಲ್ಲಿ ಕೂತಿದ್ದ ರಾಮಲಕ್ಷ್ಮಮ್ಮನ ಕಿವಿಗೂ ಬಿತ್ತು.

"ನೀರು ಅಳೆಯೋ ಪಾತ್ರೆ ಮುಚ್ಚಾಕು, ಅದು ಸರಿ. ಗುಬ್ಬಿ ಗೊರವಂಕ ಎಲ್ಲೋಗ್ಬೇಕು ಮತ್ತೆ?" ಎಂದರು ಅವರು. "ಇತ್ಲಲ್ಲಿ ದನಕ್ಕೆ ಮಡಗಿದ್ದ ಕಲ್ ಬಾನಿ ಸುಮ್ಕೆ ಬಿದ್ದೈತೆ. ಅದ್ನ ತಕ್ಕಂಡೋಗಿ ಬೇಲಿ ಆಚೆ ಇಕ್ಕು."

ಸಿದ್ದು ಅಂಗಡಿಯ ಟೆಂಪೋದಲ್ಲಿ ಕಲ್ಲು ಬಾನಿ ಹೇರಿಕೊಂಡು ಬಂದು ಬೇಲಿಯ ಆಚೆ ಹೊಂಗೆ ಮರದ ಕೆಳಗೆ ಇಳಿಸಿದ. ನಿರಂಜನ್ ಆ ವಾರ ದೆಹಲಿಗೆ ಹೋಗಿದ್ದ. ಬಂದ ಮೇಲೂ ಅವನು ಅಂಗಳದ ಕಡೆ ಬರುವ ಪೈಕಿ ಅಲ್ಲ. ಅವನಿಗೆ ಬೇಕಾದದ್ದೆಲ್ಲ ಫೈಲಿನಲ್ಲಿ ಸಿಗುತ್ತಿತ್ತು.

ಮಾರ್ಚ್ ತಿಂಗಳ ಇಪ್ಪತ್ತು ದಿನ ಶಾಂತಲಾ ಪರೀಕ್ಷೆ ನಡೆಸಿದಳು. ಒಂದು ದಿನ ಬಲೆ ಮುಚ್ಚಿ, ಒಂದು ದಿನ ತೆಗೆದು. ಬಲೆ ಇಲ್ಲದ ದಿನಗಳಲ್ಲಿ ಬಾನಿಯ ಬಾಯಿಗೆ ಹಲಗೆ ಮುಚ್ಚಿಬಿಡುತ್ತಿದ್ದಳು. ಇಲ್ಲದಿದ್ದರೆ ಹಕ್ಕಿಗಳೆಲ್ಲ ಬಾನಿಗೇ ಹೋಗಿ, ಹಳೆಯ ಬೇಸಿಗೆಗಳಿಗೂ ಈ ದಿನಗಳಿಗೂ ತಾಳೆ ಬೀಳುತ್ತಿರಲಿಲ್ಲ. ಇದನ್ನೆಲ್ಲ ಷರಾ ಕಾಲಮ್ಮಿನಲ್ಲಿ ದಿನವೂ ಬರೆದಳು. ಇಪ್ಪತ್ತೂ ದಿನ ಒಂದೇ ಥರದ ಒಣ ಬಿಸಿಲು. ಇಪ್ಪತ್ತೊಂದನೆಯ ಬೆಳಿಗ್ಗೆ ಅಂಕಿಗಳನ್ನು ಪ್ರೋಗ್ರಾಮಿಗೆ ಕೊಟ್ಟಳು. ಬಲೆ ಇದ್ದ ದಿನ ಸರಾಸರಿ ಆರು ಬಿಂದು ನಾಲ್ಕು ಮಿಲಿಮೀಟರ್. ಇಲ್ಲದ ದಿನ ಎಂಟೂವರೆ. ಎರಡಕ್ಕಿಂತ ಒಂದು ಕೂದಲು ಹೆಚ್ಚು ವ್ಯತ್ಯಾಸ. ಅಷ್ಟು ಅಗಲದ ಪ್ಯಾನಿನಲ್ಲಿ ಅದು ಎರಡೂವರೆ ಲೀಟರ್ ನೀರು. ೨೦೧೬ರಿಂದೀಚಿನ ಬೇಸಿಗೆಯ ಅಂಕಿಗಳಿಂದ ಅಷ್ಟನ್ನು ಕಳೆದು ಗೆರೆ ಎಳೆದಾಗ ಮೆಟ್ಟಿಲು ಮಾಯವಾಗಿ ಗೆರೆ ನೆಟ್ಟಗೆ ಮಲಗಿತು.

ಅವಳು ಮೊದಲು ನೆನೆದದ್ದು ಲೇಖನವನ್ನಲ್ಲ, ಶನಿವಾರದ ಸೂಚನೆಯನ್ನು. ರಾಜಾನುಕುಂಟೆಯ ಹತ್ತಿರ ಗುಲಾಬಿ ಬೆಳೆಯುವ ಗೋಪಿ ಸಿದ್ದುವಿಗೆ ಚಿಕ್ಕಪ್ಪನ ಮಗ. ಆ ಸೂಚನೆ ನೋಡಿಯೇ ನೀರು ಬಿಡುವವನು. ಅವಳು ಅಲ್ಲೇ ನಿಂತು ಅವನಿಗೆ ಫೋನ್ ಮಾಡಿದಳು.

"ಗೋಪಿ, ನಮ್ಮ ಮೆಸೇಜಲ್ಲಿ ಹೇಳಿದಷ್ಟೇ ನೀರು ಬಿಡ್ತೀಯಾ ನೀನು?"

"ಬೇಜಾರ್ ಮಾಡ್ಕೋಬೇಡಿ ಅತ್ತಿಗೆ," ಎಂದ ಗೋಪಿ ಸಂಕೋಚದಿಂದ. "ಮೊದಲು ಬಿಡ್ತಿದ್ದೆ. ಎಂಟ್ ವರ್ಷದಿಂದ ಬೇರು ಕೊಳೆಯಕ್ಕೆ ಶುರು ಆಯ್ತು. ಈಗ ನೀವೇಳಿದ್ರಲ್ಲಿ ಮುಕ್ಕಾಲ್ ಪಾಲು ಬಿಡ್ತೀನಿ. ಈ ಕಡೆಯೋರೆಲ್ಲ ಅಷ್ಟೇ. ಯಾಕೆ ಅತ್ತಿಗೆ?"

ಆರು ಬಿಂದು ನಾಲ್ಕನ್ನು ಎಂಟೂವರೆಯಿಂದ ಭಾಗಿಸಿದರೆ ಸರಿಯಾಗಿ ಮುಕ್ಕಾಲು. ಶಾಂತಲಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಏನಿಲ್ಲ ಗೋಪಿ, ನೀನು ಮಾಡ್ತಿರೋದೇ ಸರಿ" ಎಂದು ಫೋನ್ ಇಟ್ಟು, ಸೀದಾ ನಿರಂಜನ್ ಕೋಣೆಗೆ ಹೋದಳು.

ಆತ ಲೇಖನದ ಕೊನೆಯ ಪುಟದಲ್ಲಿದ್ದ.

"ಸರ್, ಆ ಗ್ರಾಫ್ ತಪ್ಪು."

"ಕೋಡಲ್ಲಿ ಏನಾದ್ರೂ ಮಿಸ್ಟೇಕಾ? ಪರವಾಗಿಲ್ಲ, ಇವತ್ತೇ ಸರಿ ಮಾಡಣ."

"ಕೋಡ್ ಸರಿಯಾಗಿದೆ ಸರ್. ತಪ್ಪಾಗಿರೋದು ಪ್ಯಾನಲ್ಲಿ. ಅದರ ಮೇಲೆ ಬಲೆ ಇರಲಿಲ್ಲ. ೨೦೧೬ರಿಂದ."

"ಬಲೆನಾ? ಯಾರು ತೆಗೆದಿದ್ದು?"

"ನಾನೇ."

ಗೊರವಂಕದ ವಿಷಯ, ಇಪ್ಪತ್ತು ದಿನದ ಪರೀಕ್ಷೆ, ಗೋಪಿಯ ಮುಕ್ಕಾಲು ಪಾಲು, ಎಲ್ಲವನ್ನೂ ನಿಂತುಕೊಂಡೇ ಹೇಳಿ ಮುಗಿಸಿದಳು. ನಿರಂಜನ್ ಗೋಡೆಯ ಗ್ರಾಫನ್ನು ನೋಡಿದ. ಅವಳನ್ನು ನೋಡಲಿಲ್ಲ.

"ಎರಡು ತಿಂಗಳಿಂದ ಇದ್ರ ಮೇಲೆ ಕೂತಿದೀನಿ ಮೇಡಂ. ಡೈರೆಕ್ಟರ್‌ಗೆ ಹೇಳಾಗಿದೆ. ಟಿಕೆಟ್ ಬುಕ್ ಆಗಿದೆ." ಧ್ವನಿ ಏರಿತು. "ಒಂದು ಮಾತು ಮೊದಲೇ ಹೇಳ್ಬಾರದಿತ್ತಾ?"

"ನನಗೆ ಮೊದಲು ಗೊತ್ತಿರಲಿಲ್ಲ ಸರ್. ಗೆರೆ ಎಳೆದ ಮೇಲೇ ಗೊತ್ತಾಗಿದ್ದು. ಆದ್ರೆ ಬಲೆ ತೆಗೆದ ದಿನ ಬರೆದಿಡ್ಬೇಕಿತ್ತು. ಬರೀಲಿಲ್ಲ. ಅದು ನನ್ನ ತಪ್ಪು."

"ಆಯ್ತು, ನೀವು ಹೋಗಿ" ಎಂದ ನಿರಂಜನ್.

ಎರಡು ದಿನ ಆತ ಮಾತಾಡಲಿಲ್ಲ. ಶಾಂತಲಾ ಏಳಕ್ಕೆ, ಎರಡಕ್ಕೆ ಅಳತೆ ತೆಗೆದಳು. ನಡುವಿನ ಹೊತ್ತಿನಲ್ಲಿ ಪುಸ್ತಕ ಮುಚ್ಚಿಯೇ ಇತ್ತು. ಕೆಲಸದಿಂದ ತೆಗೆಯಲಾರರು, ಆದರೆ ಅಂಗಳದಿಂದ ತೆಗೆದು ಸ್ಟೋರಿಗೆ ಹಾಕಬಹುದು ಎಂದು ಅವಳಿಗೆ ಅನಿಸಿತ್ತು. ಕುಬ್ರಾ ಮಾತ್ರ, "ಹಾಕಲಿ ನೋಡೋಣ. ಇಪ್ಪತ್ತು ವರ್ಷದ ಫೈಲ್ ಓಡ್ಸೋದು ಯಾರಿಗೆ ಬರತ್ತೆ ಇಲ್ಲಿ?" ಎಂದು ಧೈರ್ಯ ಹೇಳುತ್ತಿದ್ದಳು.

ಮೂರನೆಯ ದಿನ ಬೆಳಿಗ್ಗೆ ಏಳಕ್ಕೆ ಬೇಲಿಯ ಬಾಗಿಲು ತೆರೆಯುವಾಗ ಹಿಂದೆ ಕಾರು ನಿಂತ ಸದ್ದಾಯಿತು. ನಿರಂಜನ್. ಕೂದಲು ಬಾಚಿರಲಿಲ್ಲ. ಮೂರು ವರ್ಷದಲ್ಲಿ ಆ ಹೊತ್ತಿಗೆ ಅವನನ್ನು ಅಲ್ಲಿ ಯಾರೂ ನೋಡಿರಲಿಲ್ಲ.

"ನಾನೂ ನೋಡ್ತೀನಿ ಮೇಡಂ, ಹೆಂಗೆ ಅಳೀತೀರ ಅಂತ."

ಅವಳು ಬಲೆ ಸರಿಸಿ, ಪ್ಯಾನಿನೊಳಗೆ ನೀರಿನ ಮಟ್ಟ ತೋರಿಸಲು ನಿಲ್ಲಿಸಿದ್ದ ಲೋಹದ ಮುಳ್ಳಿನ ತುದಿಯನ್ನು ನೀರು ಮುಟ್ಟುವವರೆಗೆ ಗಾಜಿನ ಅಳತೆಯ ಕೊಳವೆಯಿಂದ ಹನಿಹನಿಯಾಗಿ ನೀರು ಸುರಿದು ತೋರಿಸಿದಳು. ಆಮೇಲೆ ಕೊಳವೆಯನ್ನು ಅವನ ಕೈಗೇ ಕೊಟ್ಟಳು. ಅವನು ಎರಡು ಸಲ ಹೆಚ್ಚು ಸುರಿದು ಕೆಡಿಸಿದ. ಬೇಲಿಯಾಚೆ ಬಾನಿಯಲ್ಲಿ ಐದಾರು ಗೊರವಂಕಗಳು ಜಗಳವಾಡುತ್ತ ಮೀಯುತ್ತಿದ್ದವು. ಒಂದೊಂದು ಒದರಿದಾಗಲೂ ನೀರು ಎರಡಡಿ ದೂರ ಹಾರುತ್ತಿತ್ತು. ನಿರಂಜನ್ ಅದನ್ನೇ ನೋಡುತ್ತ ನಿಂತ.

"ಕುಡಿಯೋದಕ್ಕಿಂತ ಚೆಲ್ಲೋದೇ ಜಾಸ್ತಿ" ಎಂದ ಕೊನೆಗೆ.

"ಹೌದು ಸರ್."

"ಆದ್ರೂ ಆ ಎರಡು ಮಿಲಿಮೀಟರ್ ಪೂರ್ತಿ ಹಕ್ಕೀದಲ್ಲ. ಬಲೆ ನೆರಳು ಕೊಡತ್ತೆ, ಗಾಳಿ ತಡೆಯತ್ತೆ. ವ್ಯತ್ಯಾಸದಲ್ಲಿ ಒಂದು ಮಿಲಿಮೀಟರ್ ಅದರದ್ದೇ. ಉಳಿದಿದ್ದು ಇವರದು." ಕೊಳವೆಯನ್ನು ಅವಳಿಗೆ ಹಿಂದಿರುಗಿಸಿ ಮುಂದುವರಿಸಿದ. "ನಿನ್ನೆ ಇನ್‌ಸ್ಪೆಕ್ಷನ್ ಫೈಲ್ ತೆಗೆದೆ. ವರ್ಷಕ್ಕೊಂದು ಸಲ ಒಂದು ಫಾರಂ ತುಂಬ್ತೀವಲ್ಲ, ಉಪಕರಣ ಎಲ್ಲ ಸರಿಯಿದೆ ಅಂತ. ಅದರಲ್ಲಿ 'ಪ್ಯಾನ್ ಮೇಲೆ ಬಲೆ ಇದೆಯೇ' ಅಂತ ಒಂದು ಸಾಲಿದೆ. ಮೂರು ವರ್ಷಾನೂ ಟಿಕ್ ಹಾಕಿದೀನಿ. ನನ್ನ ಸೈನೇ. ನೋಡೇ ಇರಲಿಲ್ಲ."

ಶಾಂತಲಾ ರಿಜಿಸ್ಟರು ತೆರೆದು ಅವತ್ತಿನ ಅಂಕಿ ಬರೆದಳು. ಷರಾ ಕಾಲಮ್ಮಿನಲ್ಲಿ, 'ಅಳತೆ: ಡಾ. ನಿರಂಜನ್, ಮೂರನೇ ಪ್ರಯತ್ನ' ಎಂದು ಸೇರಿಸಿದಳು. ಆತ ಬಗ್ಗಿ ಓದಿ ಜೋರಾಗಿ ನಕ್ಕ.

ಡೈರೆಕ್ಟರ ಮುಂದೆ ಇಬ್ಬರೂ ಹೋಗಿ ಹೇಳಿದರು. ಅವರು ಅರ್ಧ ಗಂಟೆ ರೇಗಿದರು. ಆಮೇಲೆ, ತೋಟದವರಿಗೆ ತಪ್ಪು ಒಪ್ಪಿಕೊಂಡು ಸರಿಯಾದ ಸೂಚನೆ ಕಳಿಸಿ ಎಂದರು. ಸೂಚನೆ ಹೋಯಿತು. ಅದಕ್ಕೆ ಬಂದ ಹನ್ನೆರಡು ಉತ್ತರಗಳಲ್ಲಿ ಒಂಬತ್ತರ ಅರ್ಥ ಒಂದೇ, ನಮಗೆ ಗೊತ್ತಿತ್ತು ಬಿಡಿ ಎಂದು. ಸಮ್ಮೇಳನದ ಲೇಖನ ನಿಂತುಹೋಗಲಿಲ್ಲ, ವಿಷಯ ಬದಲಾಯಿತು. ಬಿಸಿಯೇರಿದ ನಗರದ ಬದಲು, ಕಾಣೆಯಾದ ಒಂದು ಬಲೆ ಹತ್ತು ವರ್ಷದ ಅಂಕಿಯನ್ನು ಹೇಗೆ ಕೆಡಿಸಿತು, ಅದನ್ನು ಹೇಗೆ ಪತ್ತೆಹಚ್ಚಿದೆವು ಎಂಬುದು. ಬರೆದವರ ಹೆಸರಿನ ಜಾಗದಲ್ಲಿ ಎರಡು ಹೆಸರಿದ್ದವು. ಶಾಂತಲಾ ಅದನ್ನು ಮನೆಗೆ ತಂದು ಅತ್ತೆಗೆ ತೋರಿಸಿದಳು. ಅವರು ಬೆರಳಿಟ್ಟು ಅಕ್ಷರಗಳನ್ನು ಸವರಿ, "ಇದ್ರಾಗೆ ನೀನ್ಯಾವ್ದು?" ಎಂದು ಕೇಳಿ, ತೋರಿಸಿದ ಮೇಲೆ ಕಾಗದವನ್ನು ದೇವರ ಮನೆಯ ಗೂಡಿನಲ್ಲಿಟ್ಟರು.

ಹೈದರಾಬಾದಿನಿಂದ ಬಂದ ಮರುದಿನವೇ ನಿರಂಜನ್ ಅವಳ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತ.

"ಮೇಡಂ, ಅಲ್ಲಿ ಎಲ್ಲರೂ ಒಂದೇ ಪ್ರಶ್ನೆ ಕೇಳಿದ್ರು. ನಿಮ್ಮ ಬೇರೆ ಸ್ಟೇಷನ್‌ಗಳ ಗತಿ ಏನು ಅಂತ. ನಮ್ಮದು ಇನ್ನೂ ನಾಲ್ಕಿದೆಯಲ್ಲ. ಅವರ ಫೈಲೆಲ್ಲ ತರಿಸಿದೀನಿ. ನೀವು ಓಡಿಸ್ತೀರಾ?"

ಓಡಿಸಿದಳು. ಮೂರು ಸ್ಟೇಷನ್ನುಗಳ ಗೆರೆ ನೆಟ್ಟಗಿತ್ತು. ಶಿಡ್ಲಘಟ್ಟದ ಕಡೆಯ ಉಪಕೇಂದ್ರದ್ದು ವಿಚಿತ್ರವಾಗಿತ್ತು. ಅಲ್ಲಿ ನೀರು ಹೆಚ್ಚು ಆವಿಯಾಗುವ ಬದಲು, ಪ್ರತಿ ವರ್ಷ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಮಾತ್ರ ಅರ್ಧಕ್ಕರ್ಧ ಕಡಿಮೆಯಾಗುತ್ತಿತ್ತು. ಅಷ್ಟು ಬಿಸಿಲಲ್ಲಿ ಹೇಗೆ ಸಾಧ್ಯ ಎಂದು ಇಬ್ಬರೂ ತಲೆ ಕೆರೆದುಕೊಂಡರು. ಕೊನೆಗೆ ಶಾಂತಲಾ ಅಲ್ಲಿನ ವೀಕ್ಷಕ ಆನಂದಪ್ಪನವರಿಗೆ ಫೋನ್ ಮಾಡಿ, ನಿರಂಜನ್‌ಗೂ ಕೇಳಲೆಂದು ಸ್ಪೀಕರ್ ಒತ್ತಿದಳು.

"ಆನಂದಪ್ಪನೋರೇ, ನಿಮ್ಮ ಪ್ಯಾನ್ ಮೇಲೆ ಬಲೆ ಇದೆಯಾ?"

"ಇದೆ ಮೇಡಂ! ಗಟ್ಟಿಮುಟ್ಟಾಗಿದೆ. ಒಂದ್ ದಿನಾನೂ ತೆಗ್ದಿಲ್ಲ ನಾನು."

"ಮತ್ತೆ ಬೇಸಿಗೇಲಿ ನೀರು ಯಾಕೆ ಇಳಿಯಲ್ಲ ನಿಮ್ಮಲ್ಲಿ?"

ಆ ಕಡೆ ದೂರದಲ್ಲೊಂದು ಕೋಳಿ ಕೂಗಿತು.

"ಮೇಡಂ," ಎಂದರು ಆನಂದಪ್ಪ ತಗ್ಗಿದ ದನಿಯಲ್ಲಿ, "ಬೈಯಲ್ಲ ತಾನೇ? ಮಾರ್ಚ್ ಏಪ್ರಿಲ್‌ನಲ್ಲಿ ನಮ್ಮ ಮನೇವ್ರು ಆ ಬಲೆ ಮೇಲೆ ಹಪ್ಪಳ ಒಣಗಿಸ್ತಾರೆ."

ನಿರಂಜನ್ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡ. ಶಾಂತಲಾ ಅವನ ಕಡೆ ನೋಡದಂತೆ ಎಚ್ಚರ ವಹಿಸಿ, ಹೊಸ ಫೈಲೊಂದನ್ನು ತೆರೆದು ಪೆನ್ನು ಕೈಗೆ ತೆಗೆದುಕೊಂಡಳು.

"ಬೈಯಲ್ಲ ಆನಂದಪ್ಪನೋರೇ. ಯಾವ ವರ್ಷದಿಂದ ಒಣಗಿಸ್ತಿದಾರೆ, ಸ್ವಲ್ಪ ನೆನಪು ಮಾಡ್ಕೊಂಡು ಹೇಳಿ. ಒಂದು ಸಲಕ್ಕೆ ಎಷ್ಟು ಹಪ್ಪಳ, ಅದನ್ನೂ ಹೇಳಿ."